ಬೋರ್ಡಿನ ಮೇಲಿದ್ದ ಇಪ್ಪತ್ತೊಂದು ಅಂಕಿ

ನಮ್ಮ ಗಣಿತ ಮೇಷ್ಟ್ರು ತೀರಿಕೊಂಡ ಸುದ್ದಿ ಕೇಳಿ ಹಳೇ ಗೆಳೆಯರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿದೆವು. ಎಲ್ಲರೂ ನೆನೆಸಿಕೊಂಡದ್ದು ಒಂದೇ ಸಂಖ್ಯೆಯನ್ನು: 147573952589676412927. ಅವರು ಮಾಡಿದ ಪಾಠಗಳಲ್ಲಿ ಮುಕ್ಕಾಲು ಭಾಗ ಮರೆತಿದೆ. ಇದು ಮಾತ್ರ ಯಾರಿಗೂ ಮರೆತಿಲ್ಲ.

ಒಂದು ಸೋಮವಾರ ಅದನ್ನು ಬೋರ್ಡಿನ ಮೇಲ್ಗಡೆ ಬರೆದು ಸುತ್ತ ಗೆರೆ ಎಳೆದರು. "ಶುಕ್ರವಾರದವರೆಗೆ ಯಾರೂ ಅಳಿಸಬೇಡಿ. ಇದು ಒಡೆಯುತ್ತಾ ನೋಡಿ" ಎಂದರು. 2ರ 67ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಅದು. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇದನ್ನು ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ್ದು, ಎಂದು ಬರೆದಿದ್ದರು. ಅಲ್ಲ, ಇದು ಸಂಯುಕ್ತ ಸಂಖ್ಯೆ ಎಂದು 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಲ್ಯೂಕಾ ತೋರಿಸಿದರು. ಆದರೆ ಒಂದು ಅಪವರ್ತನವನ್ನೂ, ಅಂದರೆ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಯನ್ನೂ, ಅವರು ಹೇಳಲಿಲ್ಲ.

"ತುಂಡು ಯಾವುದು ಅಂತ ಗೊತ್ತಿಲ್ಲದೆ ಒಡೆಯುತ್ತೆ ಅಂತ ಹೇಗೆ ಹೇಳೋದು ಸಾರ್?" ಎಂದು ಕೇಳಿದವನು ನಾನೇ. ಒಳ್ಳೆಯ ಪ್ರಶ್ನೆ ಎಂದರು. ಆ ಮಾತಿನ ಖುಷಿ ಇವತ್ತಿಗೂ ಇದೆ. ಮೇಷ್ಟ್ರು 91ನ್ನು ತೆಗೆದುಕೊಂಡರು. ಅದು ಅವಿಭಾಜ್ಯವಾಗಿದ್ದರೆ, 2ರ 90ನೇ ಘಾತವನ್ನು ಅದರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಲೆಕ್ಕ ಮಾಡಿದರೆ ಬಂದದ್ದು 64. "ಅಲ್ಲಿಗೆ ಮುಗೀತಲ್ಲ! 91 ಅಂದ್ರೆ 7 × 13 ಅಂತ ನಾನೇನಾದ್ರೂ ಹೇಳಿದೆನಾ?" ಎಂದು ನಕ್ಕರು. ಲ್ಯೂಕಾ ಅವರ ಪರೀಕ್ಷೆ ಬೇರೆ ಥರದ್ದು, ಆದರೆ ಒಳಗಿನ ಗುಟ್ಟು ಇಂಥದ್ದೇ.

ಹಿಂದಿನ ಬೆಂಚಿನ ನಮಗೆ ಸುಮ್ನೆ ಇರಲು ಆಗಲಿಲ್ಲ. ಮಂಗಳವಾರ ಅವರು ಬರುವ ಮೊದಲು ಕೊನೆಯ ಕಡೆಯ 1ಕ್ಕೆ ಗೆರೆ ಸೇರಿಸಿ 4 ಮಾಡಿದೆವು. ಮೇಷ್ಟ್ರು ಅಂಕಿಗಳನ್ನೆಲ್ಲ ಕೂಡಿಸುತ್ತಾ ಹೋದರು. ಆ ಮೊತ್ತವನ್ನು 9ರಿಂದ ಭಾಗಿಸಿದರೂ ಇಡೀ ಸಂಖ್ಯೆಯನ್ನು ಭಾಗಿಸಿದರೂ ಶೇಷ ಒಂದೇ. 109 ಬರಬೇಕಿತ್ತು, 112 ಬಂತು. "9ರಿಂದ ಭಾಗಿಸಿದರೆ ಶೇಷ 1 ಇರಬೇಕು, 4 ಇದೆ. 1ನ್ನು 4 ಮಾಡಿದವರು ಯಾರಪ್ಪಾ?" ಇಡೀ ಕ್ಲಾಸು ತಣ್ಣಗಾಯಿತು.

ಮರುದಿನದ ಉಪಾಯ ನನ್ನದು. ಅಂಕಿಗಳನ್ನು ಬದಲಿಸದೆ ಬರೀ ಜಾಗ ಅದಲು ಬದಲು ಮಾಡಿದರೆ ಮೊತ್ತ ಬದಲಾಗಲ್ಲ, ಅಲ್ವಾ? ನಡುವಿನ 89ನ್ನು 98 ಮಾಡಿದೆ. ಮೇಷ್ಟ್ರು ಕೂಡಿಸಿದರು. ಸರಿಯಾಗಿ 109. ನಾವು ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಬಲಗಡೆಯಿಂದ ಶುರು ಮಾಡಿ ಒಂದು ಅಂಕಿ ಕೂಡಿಸಿ, ಇನ್ನೊಂದು ಕಳೆದು, ಮತ್ತೆ ಕೂಡಿಸಿ ಹೋದರು. ಅದು 11ರ ಪರೀಕ್ಷೆ: ಹಾಗೆ ಬಂದದ್ದನ್ನು 11ರಿಂದ ಭಾಗಿಸಿದರೂ ಇಡೀ ಸಂಖ್ಯೆಯನ್ನು ಭಾಗಿಸಿದರೂ ಶೇಷ ಒಂದೇ. ಶೇಷ 6 ಬರಬೇಕಿದ್ದಲ್ಲಿ 8 ಬಂತು. ಯಾರೆಂದು ಅವರಿಗೆ ಕೇಳುವುದೇ ಬೇಕಾಗಲಿಲ್ಲ. ನೇರವಾಗಿ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು, 9ರ ಪರೀಕ್ಷೆ ಯಾಕೆ ಸೋತಿತು, 11ರದ್ದು ಯಾಕೆ ಗೆದ್ದಿತು ಎಂದು ಕ್ಲಾಸಿಗೆ ವಿವರಿಸಲು ಹೇಳಿದರು. ಅದಕ್ಕಿಂತ ಒಳ್ಳೆಯ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ.

ಶುಕ್ರವಾರ ಉತ್ತರ ಬರೆದರು: 193707721 × 761838257287. 1903ರಲ್ಲಿ ಅಮೆರಿಕದ ಕೋಲ್ ಕಂಡುಹಿಡಿದದ್ದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ! ನಾವು ಪೀರಿಯಡ್ ಪೂರ್ತಿ ಕೂತು ಗುಣಿಸಿದೆವು. ಈ ಸಂಖ್ಯೆಯ ಯಾವ ಅಪವರ್ತನದಿಂದ 1 ಕಳೆದರೂ ಅದು 134ರಿಂದ, ಅಂದರೆ 67ರ ಎರಡರಷ್ಟರಿಂದ, ಭಾಗವಾಗಲೇಬೇಕು ಎಂದರು. ಎರಡನ್ನೂ ಭಾಗಿಸಿ ನೋಡಿದೆವು. ಶೇಷವೇ ಉಳಿಯಲಿಲ್ಲ. ಆ ಸಂಭ್ರಮವನ್ನು ಹೇಗೆ ಹೇಳಲಿ!

ಈಗ ಈ ಸಂಖ್ಯೆಯನ್ನು ಫೋನೇ ಕ್ಷಣದಲ್ಲಿ ಒಡೆಯುತ್ತದೆ. ಅದರ ಬಗ್ಗೆ ತಕರಾರಿಲ್ಲ. ಆದರೆ ಮಕ್ಕಳಿಗೆ ಒಂದು ಲೆಕ್ಕಕ್ಕೆ ಒಂದು ನಿಮಿಷ, ನಾಲ್ಕು ಆಯ್ಕೆ, ಒಂದು ಟಿಕ್. ಬಿಡಿಸಲಾಗದ ಲೆಕ್ಕದ ಎದುರು ವಾರ ಪೂರ್ತಿ ಕೂರಲು ಯಾರು ಬಿಡುತ್ತಾರೆ? ಈಗಿನ ಮೇಷ್ಟ್ರುಗಳಿಗೂ ಪಾಠ ಮುಗಿಸುವ ಅವಸರವೇ ಜಾಸ್ತಿ.

ಶಾಲೆಯವರು ಕರೆದರೆ ನಾನು ಬಂದು ಒಂದು ಸೋಮವಾರ ಬೋರ್ಡಿನ ಮೇಲೆ ಬರೆಯುತ್ತೇನೆ: 2ರ 1048576ನೇ ಘಾತಕ್ಕೆ 1 ಕೂಡಿಸಿ. ಅದರಲ್ಲಿ 315653 ಅಂಕಿಗಳಿವೆ. ಅದು ಒಡೆಯುತ್ತದೆ ಎಂದು 1980ರ ದಶಕದಲ್ಲೇ ಸಾಬೀತಾಗಿದೆ. ಒಂದು ಅಪವರ್ತನವೂ ಇನ್ನೂ ಯಾರಿಗೂ ಸಿಕ್ಕಿಲ್ಲ.