ಸರಿಯಾದ ವಯಸ್ಸು ಬರುವುದೇ ಇಲ್ಲ

ಕೆಲಸಕ್ಕೆ ಬರುವ ಹೆಣ್ಣಿಗೆ ಸರಿಯಾದ ವಯಸ್ಸು ಯಾವುದು? 25ರಲ್ಲಿ ‘ನಾಳೆ ಮದುವೆಯಾಗಿ ಬಿಟ್ಟುಹೋದರೆ?’ ಎನ್ನುತ್ತಾರೆ. 35ರಲ್ಲಿ ‘ಮಕ್ಕಳು ಸಣ್ಣವು’, 50ರಲ್ಲಿ ‘ಹೊಸದು ಕಲಿಯೋದು ಕಷ್ಟ’. ವಯಸ್ಸಿನ ತಾರತಮ್ಯಕ್ಕೆ ವೈದ್ಯ ರಾಬರ್ಟ್ ಬಟ್ಲರ್ 1969ರಲ್ಲಿ ‘ಏಜಿಸಂ’ ಎಂದು ಹೆಸರಿಟ್ಟಾಗ ಅವರ ಕಣ್ಣಮುಂದೆ ಇದ್ದವರು ವೃದ್ಧರು. ಹೆಣ್ಣಿನ ವಿಷಯದಲ್ಲಿ ಅದು ಮುಪ್ಪಿನವರೆಗೂ ಕಾಯುವುದಿಲ್ಲ.

2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 5 ವರ್ಷದ ಹುಡುಗಿಯರು ‘ತುಂಬಾ ತುಂಬಾ ಜಾಣರು’ ಯಾರೆಂದು ಕೇಳಿದರೆ ಹುಡುಗರಷ್ಟೇ ಧೈರ್ಯವಾಗಿ ತಮ್ಮವರನ್ನೇ ತೋರಿಸಿದರು. 6–7ಕ್ಕೆ ಆ ಧೈರ್ಯ ಇಳಿದಿತ್ತು. ಶಾಲೆಯಲ್ಲಿ ಚೆನ್ನಾಗಿ ಅಂಕ ಪಡೆಯುವವರು ಹುಡುಗಿಯರೇ ಎಂದು ಅವರಿಗೆ ಗೊತ್ತಿತ್ತು. ಆದರೂ ಜಾಣತನ ಬೇರೆಯವರ ಸ್ವತ್ತು ಎಂದುಕೊಂಡರು.

ದುಡ್ಡಿನ ವಿಚಾರಕ್ಕೆ ಬಂದರೆ ನಷ್ಟ ಬಡ್ಡಿಯಂತೆ ಬೆಳೆಯುತ್ತದೆ. ಒಂದೇ ಕೆಲಸಕ್ಕೆ ಅವನಿಗೆ 100, ಅವಳಿಗೆ 90 ಕೊಟ್ಟು, ಇಬ್ಬರಿಗೂ ವರ್ಷಕ್ಕೆ 5% ಏರಿಸುತ್ತಾ ಹೋಗಿ. 30 ವರ್ಷಕ್ಕೆ ಅವನದು 432, ಅವಳದು 389. ಏರಿಕೆಯಲ್ಲಿ ಯಾರೂ ಮೋಸ ಮಾಡಿಲ್ಲ, ಆದರೂ 10ರ ಅಂತರ 43 ಆಗಿದೆ. ಆದ್ದರಿಂದ ಸೇರುವಾಗ ‘ಹಿಂದಿನ ಸಂಬಳ ಎಷ್ಟು?’ ಎಂಬ ಪ್ರಶ್ನೆಗೆ ಸಂಖ್ಯೆ ಹೇಳುವ ಬದಲು ‘ಈ ಹುದ್ದೆಯ ಸಂಬಳದ ಮಿತಿ ಎಷ್ಟರಿಂದ ಎಷ್ಟು?’ ಎಂದು ಕೇಳುವುದು ಒಳ್ಳೆಯದು. ಹಳೆಯ ತಾರತಮ್ಯ ಹೊಸ ಕಚೇರಿಗೂ ಬರುವುದು ಆ ಒಂದು ಸಂಖ್ಯೆಯ ಬೆನ್ನೇರಿಯೇ.

ನಿವೃತ್ತಿ ಉಳಿತಾಯದ ಲೆಕ್ಕ ಇನ್ನೂ ಕಠಿಣ. 25ರಿಂದ 59ರವರೆಗೆ ವರ್ಷಕ್ಕೆ ಒಂದೇ ಮೊತ್ತವನ್ನು 6% ಬಡ್ಡಿಗೆ ಕಟ್ಟುತ್ತಾ ಬಂದವರಿಗೆ ಹೋಲಿಸಿ. ಮಗುವಿಗಾಗಿ 30ರಿಂದ 34ರವರೆಗಿನ ಐದು ಕಂತು ತಪ್ಪಿದರೆ, ತಪ್ಪಿದ್ದು ಕಂತುಗಳಲ್ಲಿ 14%; ಆದರೆ 60ರಲ್ಲಿ ಕೈಗೆ ಬರುವ ಗಂಟಿನಲ್ಲಿ ಸುಮಾರು 22% ಕಡಿಮೆ. ಬೇಗ ಕಟ್ಟಿದ ಹಣವೇ ಹೆಚ್ಚು ಕಾಲ ಬೆಳೆಯುವುದು, ಅದೇ ಇಲ್ಲವಾಯಿತು. ಮಗು ಇಬ್ಬರದು ಎಂದ ಮೇಲೆ, ಆ ಐದು ವರ್ಷ ಗಂಡನ ಸಂಬಳದಿಂದ ಅವಳ ಹೆಸರಿಗೇ ಕಂತು ಹೋಗಬೇಕು. ಇದನ್ನು ಉಪಕಾರ ಎಂದು ಕರೆಯಬೇಡಿ, ದಯವಿಟ್ಟು.

ತಾಯ್ತನಕ್ಕೆ ಬೀಳುವ ದಂಡವೂ ಅಳತೆಗೆ ಸಿಕ್ಕಿದೆ. 2007ರ ಒಂದು ಪ್ರಯೋಗದಲ್ಲಿ ಸಮಾನ ಅರ್ಹತೆಯ ಅರ್ಜಿಗಳನ್ನು ಕಳಿಸಿದಾಗ, ತಾಯಂದಿರಿಗಿಂತ ಮಕ್ಕಳಿಲ್ಲದ ಮಹಿಳೆಯರಿಗೆ ಸುಮಾರು ಎರಡು ಪಟ್ಟು ಕರೆ ಬಂತು. ತಂದೆಯಂದಿರಿಗೆ ಅಂಥ ಪೆಟ್ಟು ಬೀಳಲಿಲ್ಲ. 40,000ಕ್ಕೂ ಹೆಚ್ಚು ಅರ್ಜಿಗಳ ಇನ್ನೊಂದು ಅಧ್ಯಯನದಲ್ಲಿ ವಯಸ್ಸಿನ ತಾರತಮ್ಯ ಗಂಡಸರಿಗಿಂತ ಹೆಂಗಸರ ಮೇಲೆ ಹೆಚ್ಚು ಸ್ಪಷ್ಟವಾಗಿ ಕಂಡಿತು. ಸಂದರ್ಶನ ಮಾಡುವವರಿಗೆ ಮದ್ದು ಗೊತ್ತಿರುವುದೇ: ಪ್ರಶ್ನೆಗಳನ್ನು ಮೊದಲೇ ಬರೆದಿಡಿ, ಎಲ್ಲರಿಗೂ ಅವನ್ನೇ ಕೇಳಿ, ಚರ್ಚೆಗೆ ಮುಂಚೆ ಒಬ್ಬೊಬ್ಬರೂ ಪ್ರತ್ಯೇಕವಾಗಿ ಅಂಕ ಹಾಕಿ. ‘ನಮ್ಮ ತಂಡಕ್ಕೆ ಹೊಂದುತ್ತಾಳೋ ಇಲ್ಲವೋ’ ಎಂಬ ಮಾತು ಬಂದಾಗ, ಯಾವ ಕೆಲಸದಲ್ಲಿ ಹೊಂದುವುದಿಲ್ಲ ಎಂದು ಬರೆದುಕೊಡಲು ಹೇಳಿ.

ಆಸ್ಪತ್ರೆಯಲ್ಲಿ ಇದೇ ತಾರತಮ್ಯ ಜೀವಕ್ಕೇ ಎರವಾಗಬಹುದು. ಅಮೆರಿಕದಲ್ಲಿ 1977ರ ಮಾರ್ಗಸೂಚಿಯೊಂದು ಗರ್ಭ ಧರಿಸಬಲ್ಲ ಮಹಿಳೆಯರನ್ನು ಔಷಧಗಳ ಆರಂಭಿಕ ಪ್ರಯೋಗಗಳಿಂದ ಹೊರಗಿಟ್ಟಿತು. ಅದು ಬದಲಾದದ್ದು 1993ರಲ್ಲಿ. ನಿದ್ರೆಯ ಮಾತ್ರೆ ಜೋಲ್ಪಿಡೆಮ್ ಹೆಂಗಸರ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ ಎಂಬ ಕಾರಣಕ್ಕೆ, ಅವರ ಸಾಮಾನ್ಯ ಡೋಸನ್ನು 10 ಮಿ.ಗ್ರಾಂ.ನಿಂದ 5ಕ್ಕೆ ಅಲ್ಲಿ ಇಳಿಸಿದ್ದು 2013ರಲ್ಲಿ.

ಹೃದಯಾಘಾತದಲ್ಲಿ ಹೆಂಗಸರಿಗೂ ಎದೆನೋವೇ ಮುಖ್ಯ ಲಕ್ಷಣ. ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ ಅಥವಾ ಬೆನ್ನುನೋವು, ವಾಕರಿಕೆ, ಏದುಸಿರು, ವಿಪರೀತ ಸುಸ್ತು ಬರುತ್ತವೆ. 40ರಲ್ಲಿ ಇದನ್ನು ‘ಟೆನ್ಷನ್’ ಎನ್ನುತ್ತಾರೆ, 65ರಲ್ಲಿ ‘ವಯಸ್ಸಾಯ್ತಲ್ಲ’. ಇವು ಇದ್ದಕ್ಕಿದ್ದಂತೆ ಶುರುವಾದರೆ ತಡ ಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತಸ್ರಾವವಾದರೆ, ಎಷ್ಟೇ ಕಡಿಮೆಯಿರಲಿ, ಪರೀಕ್ಷೆ ಆಗಲೇಬೇಕು. ಉಳಿದ ತೊಂದರೆಗಳಿಗೆ, ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಯಾವ ಕೆಲಸ ಮಾಡಲಾಗಲಿಲ್ಲ ಎಂದು ತಾರೀಖಿನೊಂದಿಗೆ ಬರೆದುಕೊಂಡು ಹೋಗಿ. ‘ಇದು ವಯಸ್ಸಿನದು’ ಎಂಬ ಉತ್ತರ ಬಂದರೆ ‘ಬೇರೆ ಕಾಯಿಲೆ ಇಲ್ಲವೆಂದು ಖಚಿತವಾಗಲು ಯಾವ ಪರೀಕ್ಷೆ ಬೇಕು?’ ಎಂದು ಕೇಳಿ, ಅದಕ್ಕೆ ಬಂದ ಉತ್ತರವನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳಿ.