ಗಂಟೆ ಲೆಕ್ಕ ಬೇಡ, ಮ್ಯಾಚ್ ಲೆಕ್ಕ ಇಡಿ

ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅನ್ನುವ ಫೋನ್ ಗೇಮ್, ಆಡುವ ಹುಡುಗರಿರುವ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ನಡೆಯುವ ಜಗಳ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಅಡುಗೆಮನೆಯಿಂದ ಅಮ್ಮ "ಊಟಕ್ಕೆ ಬಾರೋ" ಅಂತಾರೆ, ಇವನು "ಒಂದ್ನಿಮಿಷ" ಅಂತಾನೆ, ಆ ನಿಮಿಷ ಮುಗಿಯುವುದೇ ಇಲ್ಲ, ಸಾರು ಎರಡು ಸಲ ಬಿಸಿಯಾಗುತ್ತದೆ, ಕೊನೆಗೆ ಅಪ್ಪ ಎದ್ದು ಬಂದು "ಅದನ್ನ ನಿಲ್ಸಿ ಬರಕ್ಕೇನು ರೋಗ" ಅಂತ ಗದರುತ್ತಾರೆ.

ಅಪ್ಪ ಅಮ್ಮಂದಿರಿಗೆ ಒಂದು ವಿಷಯ ಗೊತ್ತಿರಬೇಕು. ಈ ಆಟವನ್ನು ಮಧ್ಯದಲ್ಲಿ ನಿಲ್ಲಿಸಿಡಲು ಆಗುವುದಿಲ್ಲ. ಹಿಂದೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಗೇಮ್‌ಗಳಲ್ಲಿ ಪಾಜ್ ಬಟನ್ ಇತ್ತು, ಇಲ್ಲಿ ಇಲ್ಲ. 100 ಜನ ಒಂದೇ ವಿಮಾನದಿಂದ ಹಾರಿ ಇಳಿಯುತ್ತಾರೆ, ಆಡುವ ಜಾಗದ ಸುತ್ತಲಿನ ವೃತ್ತ ಹಂತಹಂತವಾಗಿ ಚಿಕ್ಕದಾಗುತ್ತಾ ಬರುತ್ತದೆ, ಕೊನೆಗೆ ಉಳಿದವರೇ ಗೆದ್ದವರು, ಎರಾಂಗಲ್ ಅನ್ನುವ ಮ್ಯಾಪ್‌ನಲ್ಲಿ ಕೊನೆಯವರೆಗೂ ಉಳಿದರೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಫೋನ್ ಕೆಳಗಿಟ್ಟರೆ ನಿಮ್ಮ ಆಟಗಾರ ಅಲ್ಲೇ ಗದ್ದೆ ಮಧ್ಯೆ ನಿಂತಿರುತ್ತಾನೆ, ಯಾರೋ ಹೊಡೆದು ಹಾಕುತ್ತಾರೆ, ನಿಮ್ಮನ್ನೇ ನಂಬಿಕೊಂಡಿದ್ದ ತಂಡದ ಉಳಿದ ಮೂವರೂ ಸಿಕ್ಕಿಬೀಳುತ್ತಾರೆ. ಹುಡುಗ ಎದ್ದು ಬರುವುದಿಲ್ಲ ಅಂದರೆ ಅದರಲ್ಲಿ ಹಟ ಎಷ್ಟಿದೆಯೋ ಗೆಳೆಯರಿಗೆ ಕೊಟ್ಟ ಮಾತೂ ಅಷ್ಟೇ ಇದೆ.

ಹಾಗಂತ ಆಡುವವನ ಕಡೆ ಪೂರ್ತಿ ನ್ಯಾಯ ಇದೆ ಅಂತಲ್ಲ. ಎರಡನೇ ವೃತ್ತ ಈಗಷ್ಟೇ ಶುರುವಾಗಿರುವಾಗ "ಒಂದ್ನಿಮಿಷ" ಅನ್ನುವುದು ಸುಳ್ಳು. "ಇನ್ನೂ ಹದಿನೈದು ನಿಮಿಷ ಆಗತ್ತಮ್ಮ, ನೀನು ಊಟ ಮಾಡು, ನಾನು ಆಮೇಲೆ ಬಡಿಸ್ಕೋತೀನಿ" ಅಂತ ನಿಜ ಹೇಳಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಮ್ಯಾಚ್ ನಡೆಯುವಾಗ ಹಿಡಿತ ಅನ್ನುವ ಮಾತೇ ಬರುವುದಿಲ್ಲ, ಅದು ಬರುವುದು ಲಾಬಿಯಲ್ಲಿ. ಒಂದು ಮ್ಯಾಚ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಆ ಸ್ವಲ್ಪ ಹೊತ್ತಿನಲ್ಲಿ. ಆ ಕ್ಷಣವನ್ನು ಸರಿಯಾಗಿ ಗಮನಿಸಿ ನೋಡಿ. ರಿಸಲ್ಟ್ ಬರುತ್ತದೆ, ಎಷ್ಟು ಕಿಲ್, ಎಷ್ಟು ಡ್ಯಾಮೇಜ್, ಪಾಯಿಂಟ್ ಪ್ಲಸ್ಸೋ ಮೈನಸ್ಸೋ. ಮೈನಸ್ ಆಗಿದ್ದರೆ ಅದನ್ನು ವಾಪಸ್ ತರಬೇಕು ಅನಿಸುತ್ತದೆ. ಚಿಕನ್ ಡಿನ್ನರ್, ಅಂದರೆ ಗೆಲುವು, ಸಿಕ್ಕಿದ್ದರೆ ಇವತ್ತು ಕೈ ಚೆನ್ನಾಗಿ ಓಡುತ್ತಿದೆ ಅನಿಸುತ್ತದೆ. ಸೋತರೂ ಗೆದ್ದರೂ ಇನ್ನೊಂದು ಆಡಲು ಕಾರಣ ರೆಡಿ. ಅಷ್ಟರಲ್ಲಿ ಮೈಕ್‌ನಲ್ಲಿ ಯಾರೋ "ರೆಡಿ ಕೊಡೋ ಬೇಗ" ಅಂತಾನೆ, ಬೆರಳು ತಾನಾಗೇ ಹೋಗಿ ಒತ್ತುತ್ತದೆ. ಗಲ್ಲಿ ಕ್ರಿಕೆಟ್ ಆದರೆ ಕತ್ತಲಾಗಿ ಬಾಲ್ ಕಾಣದೇ ಹೋದಾಗ ತಾನೇ ಮುಗಿಯುತ್ತದೆ. ಇಲ್ಲಿ ಕತ್ತಲಾಗುವುದೇ ಇಲ್ಲ, ಮುಗಿಸುವ ಕೆಲಸ ನಾವೇ ಮಾಡಬೇಕು.

ಅದಕ್ಕೇ ಗಂಟೆ ಲೆಕ್ಕ ಕೆಲಸಕ್ಕೆ ಬರುವುದಿಲ್ಲ ಅನ್ನುತ್ತೇನೆ. ಆಂಡ್ರಾಯ್ಡ್ ಫೋನಿನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಆ್ಯಪ್ ಟೈಮರ್ ಇದೆ, ಒಂದು ಗಂಟೆ ಅಂತ ಇಟ್ಟರೆ ಸರಿಯಾಗಿ ಒಂದು ಗಂಟೆಗೆ ಆ್ಯಪ್ ಮುಚ್ಚುತ್ತದೆ. ಅದು ಮುಚ್ಚುವುದು ಕೊನೆಯ ವೃತ್ತದಲ್ಲಿ ಆದರೆ? ಮಾರನೇ ದಿನವೇ ಟೈಮರ್ ತೆಗೆದು ಹಾಕುತ್ತಾರೆ. ಮ್ಯಾಚ್ ಲೆಕ್ಕ ಹಾಗಲ್ಲ, ಅದಕ್ಕೆ ತನ್ನದೇ ಶುರು ಇದೆ, ತನ್ನದೇ ಕೊನೆ ಇದೆ. ನಮ್ಮ ಸ್ಕ್ವಾಡ್‌ನಲ್ಲಿ ನಾಲ್ಕೂ ಜನ ಕೆಲಸಕ್ಕೆ ಹೋಗುವವರು, ಊರು ಬೇರೆ ಬೇರೆ, ದಿನಾ ಮಾತಾಡಲು ಸಿಗುವ ಜಾಗ ಇದೊಂದೇ. ಕೆಲಸದ ದಿನ ಎರಡೇ ಮ್ಯಾಚ್, ಹತ್ತೂವರೆ ಆದಮೇಲೆ ಹೊಸದು ಶುರು ಮಾಡುವುದಿಲ್ಲ. ಇದನ್ನು ಮೊದಲನೇ ಮ್ಯಾಚ್‌ಗೆ ಮುಂಚೆ ಮೈಕ್‌ನಲ್ಲಿ ಬಾಯಿಬಿಟ್ಟು ಹೇಳುತ್ತೇವೆ. ಮನಸ್ಸಿನಲ್ಲೇ ಅಂದುಕೊಂಡಿದ್ದು ನಿಲ್ಲುವುದಿಲ್ಲ, ನಾಲ್ಕು ಜನ ಕೇಳಿಸಿಕೊಂಡಿದ್ದು ನಿಲ್ಲುತ್ತದೆ. ಟೈಮ್ ಕಮ್ಮಿ ಇದ್ದರೆ ಟಿಡಿಎಂ (ಟೀಮ್ ಡೆತ್‌ಮ್ಯಾಚ್, ಎರಡು ತಂಡಗಳ ಚಿಕ್ಕ ಆಟ) ಇದೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಶನಿವಾರ ರಾತ್ರಿ ಬಿಡಿ, ಅವತ್ತು ಲೆಕ್ಕ ಸ್ವಲ್ಪ ಸಡಿಲ.

ರ‍್ಯಾಂಕ್ ಬಗ್ಗೆ ನೇರವಾಗಿ ಒಂದು ಮಾತು. ಬ್ರಾಂಜ್‌ನಿಂದ ಶುರುವಾಗಿ ಏಸ್‌ವರೆಗೆ ಹೋಗಬಹುದು, ಅದರ ಮೇಲೆ ಕಾಂಕರರ್. ಕಾಂಕರರ್ ಅಂದರೆ ಸರ್ವರ್‌ನ ಮೊದಲ 500 ಜನರಲ್ಲಿ ಇರಬೇಕು, ಬಂದ ಮೇಲೆ ಉಳಿಸಿಕೊಳ್ಳಲು ಆಡುತ್ತಲೇ ಇರಬೇಕು, ಸೀಸನ್ ಮುಗಿದ ಕೂಡಲೇ ರ‍್ಯಾಂಕ್ ಕೆಳಗಿಳಿಯುತ್ತದೆ, ಮತ್ತೆ ಹತ್ತಬೇಕು. ಇದು ಬರೀ ಕೈಚಳಕದ ವಿಷಯ ಅಲ್ಲ, ಟೈಮ್ ಯಾರ ಹತ್ತಿರ ಜಾಸ್ತಿ ಇದೆ ಅನ್ನುವ ವಿಷಯ. ಬೆಳಿಗ್ಗೆ ಎಂಟಕ್ಕೆ ಬಸ್ ಹಿಡಿಯುವವನು ಕಾಂಕರರ್‌ವರೆಗೆ ಹತ್ತುತ್ತೇನೆ ಅಂದರೆ ನಿದ್ದೆ ಬಿಡುತ್ತೇನೆ ಅಂತಲೇ ಅರ್ಥ. ಡೈಲಿ ಮಿಷನ್, ಲಾಗಿನ್ ಗಿಫ್ಟ್, ಆಡಿದಷ್ಟೂ ಬಹುಮಾನ ಕೊಡುವ ರಾಯಲ್ ಪಾಸ್ ಎಲ್ಲವೂ ನಾವು ಒಂದು ದಿನವೂ ತಪ್ಪಿಸಬಾರದು ಅಂತ ಮಾಡಿದ್ದು. ಅವನ್ನು ಬಿಟ್ಟರೆ ಆಟದ ಖುಷಿ ಒಂದಿಷ್ಟೂ ಕಮ್ಮಿ ಆಗುವುದಿಲ್ಲ.

ಬ್ಯಾನ್ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಂತಿತು, 2021ರಲ್ಲಿ ಬಿಜಿಎಂಐ ಹೆಸರಲ್ಲಿ ಬಂತು, 2022ರ ಜುಲೈಯಲ್ಲಿ ಅದೂ ಸ್ಟೋರ್‌ನಿಂದ ಹೋಯಿತು, 2023ರಲ್ಲಿ ವಾಪಸ್ ಬಂತು. ಆ ನಡುವೆ ನಮ್ಮ ಹುಡುಗರು ಆಡುವುದನ್ನೇನೂ ಬಿಡಲಿಲ್ಲ, ಬೇರೆ ಗೇಮ್ ಹಿಡಿದರು. ಚೀನಾದಲ್ಲಿ 2021ರಿಂದ ಹದಿನೆಂಟರ ಕೆಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆ ದಿನ ರಾತ್ರಿ 8ರಿಂದ 9 ಮಾತ್ರ ಆನ್‌ಲೈನ್ ಗೇಮ್. ನಮ್ಮಲ್ಲಿ ಅದೇ ವಯಸ್ಸಿನವರಿಗೆ ಬಿಜಿಎಂಐ ಇಟ್ಟಿದ್ದ ಮಿತಿ ದಿನಕ್ಕೆ 3 ಗಂಟೆ. ಶಾಲೆಗೆ ಹೋಗುವ ಮಗುವಿಗೆ 3 ಗಂಟೆ ಅನ್ನುವುದು ಮಿತಿಯಾ? ನನಗಂತೂ ಹಾಗೆ ಅನಿಸುವುದಿಲ್ಲ. ಅದೂ ಅಲ್ಲದೆ ಅಪ್ಪನ ಫೋನ್, ಅಪ್ಪನ ಅಕೌಂಟ್ ಆದರೆ ಆ ಮಿತಿ ಲೆಕ್ಕಕ್ಕೇ ಇಲ್ಲ.

ದುಡ್ಡು ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್ ಥರದವನ್ನು ದಯವಿಟ್ಟು ಇದರ ಜೊತೆ ಸೇರಿಸಬೇಡಿ. ಕರ್ನಾಟಕ 2021ರಲ್ಲಿ ಅವಕ್ಕೆ ಕಾನೂನು ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ತೆಗೆದು ಹಾಕಿತು, 2025ರ ಆಗಸ್ಟ್‌ನಲ್ಲಿ ಕೇಂದ್ರವೇ ದುಡ್ಡಿನ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್‌ಗಳಿಗೆ, ಮಾನ್ಯತೆಯನ್ನೂ ಕೊಟ್ಟಿದೆ. ದುಡ್ಡಿನ ಆಟಕ್ಕೆ ನನ್ನ ಮ್ಯಾಚ್ ಲೆಕ್ಕ ನಡೆಯುವುದಿಲ್ಲ. ಕಳೆದುಕೊಂಡ ಸಂಬಳವನ್ನು ವಾಪಸ್ ತರಬೇಕು ಅಂತ ಕೂತವನಿಗೆ ಎರಡು ಮ್ಯಾಚ್ ಸಾಕು ಅಂತ ಯಾರು ಹೇಳುವುದು?

ಇನ್ನು ಕೆಲವರಿಗೆ ಇದು ಅಭ್ಯಾಸದ ಹಂತ ದಾಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅಲ್ಲಿ ದಿನಕ್ಕೆ ಇಷ್ಟು ಗಂಟೆ ಅಂತ ಎಲ್ಲೂ ಹೇಳಿಲ್ಲ. ನಿಲ್ಲಿಸಲು ಆಗುತ್ತಿಲ್ಲ, ಬೇರೆಲ್ಲಕ್ಕಿಂತ ಆಟವೇ ಮುಂದೆ ಬಂದಿದೆ, ಹಾಳಾಗುತ್ತಿರುವುದು ಕಣ್ಣಿಗೆ ಕಂಡರೂ ಆಡುತ್ತಲೇ ಇದ್ದಾರೆ, ಸಾಮಾನ್ಯವಾಗಿ ಒಂದು ವರ್ಷದಿಂದ ಹೀಗೇ ನಡೆದಿದೆ ಅಂದರೆ ಅದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಫೋನ್, ಗೇಮ್ ಚಟಗಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಹಂತದಲ್ಲಿ ಬೈಯುವುದರಿಂದ, ಫೋನ್ ಕಿತ್ತುಕೊಳ್ಳುವುದರಿಂದ ಏನೂ ಆಗುವುದಿಲ್ಲ, ಜೊತೆಗೆ ಕರೆದುಕೊಂಡು ಹೋಗಿ.

ಅಷ್ಟು ದೂರ ಹೋಗದವರಿಗೆ ಗೆಳೆಯರೇ ಸಾಕು. ನಮ್ಮ ನಾಲ್ವರಲ್ಲಿ ಒಬ್ಬ ಈಗ ಕೆಲಸದ ಜೊತೆಗೆ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾನೆ. ಅವನು ಕೇಳಲಿಲ್ಲ, ನಾವೇ ಮಾತಾಡಿಕೊಂಡು ಅವನಿಗೆ ಇನ್ವೈಟ್ ಕಳಿಸುವುದು ನಿಲ್ಲಿಸಿದ್ದೇವೆ. ಖಾಲಿ ಜಾಗಕ್ಕೆ ಅಪರಿಚಿತರನ್ನು ತಂದು ಸೇರಿಸುವ ಆಟೋ ಮ್ಯಾಚಿಂಗ್ ಆಫ್ ಮಾಡಿ ಮೂರೇ ಜನ ಇಳಿಯುತ್ತೇವೆ. ಜಾಸ್ತಿ ಸೋಲುತ್ತಿದ್ದೇವೆ, ಪರವಾಗಿಲ್ಲ, ಭಾನುವಾರ ಅವನಿಗೆ ಫೋನ್ ಮಾಡಿ ಎಲ್ಲಿಯವರೆಗೆ ಓದಿದ್ದೀಯ ಅಂತ ಕೇಳುತ್ತೇವೆ.