ಹನ್ನೆರಡು ಬೆಳ್ಳಿ ಚಮಚದ ಸೆಟ್: ಏಳರವರೆಗೆ ಬಂದ ಲೆಕ್ಕ

ಬೇಕಿರುವುದು ಲಂಡನ್ ಮುದ್ರೆಯ, ಓಲ್ಡ್ ಇಂಗ್ಲಿಷ್ ಎಂಬ ಸಾದಾ ದುಂಡು ತುದಿಯ ವಿನ್ಯಾಸದ ಹನ್ನೆರಡು ಸ್ಟರ್ಲಿಂಗ್ ಟೇಬಲ್ ಚಮಚ, 1784ರಿಂದ 1830ರ ಒಳಗಿನವು. ಎಲ್ಲವೂ ಒಬ್ಬನೇ ತಯಾರಕನದಾಗಬೇಕೆಂಬ ಹಟವಿಲ್ಲ. ಉದ್ದ 21ರಿಂದ 22.5 ಸೆಂ.ಮೀ., ತೂಕ 58ರಿಂದ 72 ಗ್ರಾಂ ಇದ್ದರೆ ಸಾಲಾಗಿ ಇಟ್ಟಾಗ ಒಂದೇ ಮನೆಯವಂತೆ ಕಾಣುತ್ತವೆ. ಇದುವರೆಗೆ ಪರೀಕ್ಷೆಗೆ ಕೂತಿದ್ದು ಹನ್ನೊಂದು. ಉಳಿದಿದ್ದು ಏಳು, ತಿರಸ್ಕಾರವಾಗಿದ್ದು ನಾಲ್ಕು. ಹೇಳಬೇಕಾದದ್ದು ಹೆಚ್ಚು ಇರುವುದು ಆ ನಾಲ್ಕರ ಬಗ್ಗೆಯೇ.

ಮೊದಲನೆಯದು ನಗರ್ತಪೇಟೆಯ ಟಂಚ್ ಯಂತ್ರದಲ್ಲಿ (ಎಕ್ಸ್‌ರೇ ಬೀರಿ ಲೋಹದ ಶುದ್ಧತೆ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ) ಹೆಚ್ಚುಕಡಿಮೆ ಶುದ್ಧ ಬೆಳ್ಳಿ ಎಂದು ಪಾಸಾಗಿತ್ತು. ಅನುಮಾನ ಹುಟ್ಟಬೇಕಾದದ್ದು ಅಲ್ಲೇ: ಸ್ಟರ್ಲಿಂಗ್ ಎಂದರೆ ಸಾವಿರಕ್ಕೆ 925 ಭಾಗ, ಉಳಿದದ್ದು ಬಹುಪಾಲು ತಾಮ್ರ. ಎಕ್ಸ್‌ಆರ್‌ಎಫ್ ಯಂತ್ರ ನೋಡುವುದು ಮೇಲ್ಪದರವನ್ನಷ್ಟೇ. ದಪ್ಪ ಲೇಪವಿದ್ದರೆ ಅದು ಲೇಪದ ಗುಣವನ್ನೇ ಹೇಳುತ್ತದೆ, ಒಳಗಿನ ಲೋಹದ್ದನ್ನಲ್ಲ. ಹಿಂಬದಿಯಲ್ಲಿ ಇ, ಪಿ, ಎನ್, ಎಸ್ ಅಕ್ಷರಗಳು ಒಂದೊಂದು ಪುಟ್ಟ ಗುರಾಣಿಯೊಳಗೆ ಕೂತಿದ್ದವು. ದೂರದಿಂದ ನೋಡಿದರೆ ಅಪ್ಪಟ ಹಾಲ್‌ಮಾರ್ಕ್ ಸಾಲು. ವಿದ್ಯುಲ್ಲೇಪದ ನಿಕಲ್ ಸಿಲ್ವರ್ (ಹೆಸರಲ್ಲಷ್ಟೇ ಬೆಳ್ಳಿ, ಒಳಗೆ ತಾಮ್ರ, ನಿಕಲ್, ಸತುವಿನ ಮಿಶ್ರಲೋಹ) ಮೇಲೆ ಇಂಥ ಮುದ್ರೆ ತುಂಬ ಸಾಮಾನ್ಯ. ನೀರಿನ ಪರೀಕ್ಷೆ ಜಗಳ ಮುಗಿಸಿತು: ತೂಕ 62.0 ಗ್ರಾಂ, ಸರಿಸಿದ ನೀರು 7.1 ಗ್ರಾಂ, ಸಾಂದ್ರತೆ 8.73. ಸ್ಟರ್ಲಿಂಗ್ ಆಗಿದ್ದರೆ 10.36ರ ಆಸುಪಾಸು ಬರಬೇಕಿತ್ತು.

ಈ ಪರೀಕ್ಷೆಗೆ ಬೇಕಾದದ್ದು ತಕ್ಕಡಿ, ಎತ್ತರದ ಗಾಜಿನ ಲೋಟ, ಸಣ್ಣ ದಾರ. ನೀರು ತುಂಬಿದ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ದಾರ ಕಟ್ಟಿದ ಚಮಚವನ್ನು ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ತಕ್ಕಡಿ ತೋರಿಸುವ ಗ್ರಾಂ ಲೆಕ್ಕವೇ ಸರಿದ ನೀರು. ಚಮಚದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ಮುದ್ರೆಯ ಕುಳಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಂಕಿ ಕೆಳಗೆ ಬೀಳುತ್ತದೆ. ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿದರೆ ಆ ತೊಂದರೆ ಇಲ್ಲ. ತಕ್ಕಡಿ ಮಾತ್ರ 0.01 ಗ್ರಾಂ ತೋರಿಸುವಂಥದ್ದೇ ಆಗಬೇಕು. 64.2 ಗ್ರಾಂ ಚಮಚ 6.2 ಗ್ರಾಂ ನೀರು ಸರಿಸುತ್ತದೆ ಎನ್ನೋಣ. ಅಡುಗೆಮನೆಯ ತಕ್ಕಡಿ 0.1 ಗ್ರಾಂ ತಪ್ಪಿದರೂ ಉತ್ತರ 10.19ರಿಂದ 10.52ರವರೆಗೆ ಓಲಾಡುತ್ತದೆ. ಶೇ 80ರ ಬೆಳ್ಳಿ 10.14, ಶುದ್ಧ ಬೆಳ್ಳಿ 10.49. ಅಂದರೆ ಆ ತಕ್ಕಡಿಯಿಂದ ಏನೂ ತೀರ್ಮಾನವಾಗುವುದಿಲ್ಲ.

ಎರಡನೆಯದು ಅಪ್ಪಟ ಜಾರ್ಜಿಯನ್, ಅಂದರೆ ಇಂಗ್ಲೆಂಡಿನ ಜಾರ್ಜ್ ದೊರೆಗಳ ಕಾಲದ, ಚಮಚವೇ. ಆದರೆ ನಂತರದ ಕಾಲದಲ್ಲಿ ಯಾರೋ ಅದರ ಬಟ್ಟಲಿಗೆ ಹಣ್ಣುಗಳ ಉಬ್ಬುಚಿತ್ರ ಕೂರಿಸಿ, ಹಿಡಿಯ ತುಂಬ ಕೆತ್ತಿಸಿದ್ದಾರೆ. ಬೆರಿ ಸ್ಪೂನ್ ಎಂದು ಮಾರಾಟವಾಗುವ ಬಹಳಷ್ಟು ಹೀಗೆ ಆದವು. ನೋಡಲು ಚೆಂದವೇ, ಈ ಸೆಟ್ಟಿಗೆ ಸಲ್ಲದು.

ಮೂರನೆಯದರ ಮೇಲೆ ಕೆತ್ತಿದ್ದ ಮಾಲೀಕರ ಹೆಸರಕ್ಷರ ಅಳಿಸಿದ್ದರು. ಅಕ್ಷರವಿದ್ದ ಜಾಗಕ್ಕೆ ಬಾಯಿಂದ ಹಾ ಎಂದು ಆವಿ ಬಿಟ್ಟರೆ ಅಳಿದ ಗೆರೆಯ ನೆರಳು ಒಂದು ಕ್ಷಣ ಕಾಣಿಸುತ್ತದೆ, ಹಳೆಯ ಬೆಸುಗೆಯ ಗೆರೆಯೂ ಹಾಗೆಯೇ. ಹೆಬ್ಬೆರಳಿನಿಂದ ಸವರಿದರೆ ಅಲ್ಲೊಂದು ತಗ್ಗು. ನಾಲ್ಕನೆಯದು ಕುತ್ತಿಗೆಯಲ್ಲಿ ಮುರಿದು ಸೀಸದ ಬೆಸುಗೆ ಕಂಡಿತ್ತು. ಬೂದುಬಣ್ಣದ ಗಂಟು ಕಂಡರೆ ಆ ವಸ್ತುವನ್ನು ಅಕ್ಕಸಾಲಿಗರಿಗೆ ಕೊಡುವ ಮುನ್ನ ಬಾಯಿಬಿಟ್ಟು ಹೇಳಬೇಕು. ಸೀಸವನ್ನು ಪೂರ್ತಿ ತೆಗೆಯದೆ ಬೆಳ್ಳಿ ಬೆಸುಗೆಯ ಶಾಖ ಕೊಟ್ಟರೆ ಸೀಸ ಬೆಳ್ಳಿಯನ್ನೇ ತಿಂದು ತೂತು ಮಾಡುತ್ತದೆ.

ಉಳಿದ ಏಳರಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಐದನೆಯದು. ಮುದ್ರೆಸಾಲಿನಲ್ಲಿ ಪರೀಕ್ಷೆಯಾದ ವರ್ಷ ಹೇಳುವ ಇಂಗ್ಲಿಷ್ ಅಕ್ಷರ ಸಣ್ಣ ಒ. ಲಂಡನ್ನಿನಲ್ಲಿ ಇಪ್ಪತ್ತು ಅಕ್ಷರಕ್ಕೆ ಒಂದು ಸುತ್ತು, ಎಯಿಂದ ಯುವರೆಗೆ, ನಡುವೆ ಜೆ ಇಲ್ಲ. ಸಣ್ಣ ಒ 1789ರಲ್ಲೂ ಬರುತ್ತದೆ, 1829ರಲ್ಲೂ ಬರುತ್ತದೆ. ಅಕ್ಷರದ ಪಟ್ಟಿ ಒಂದನ್ನೇ ನಂಬಿದರೆ ನಲವತ್ತು ವರ್ಷದ ತಪ್ಪು. ದಾರಿ ತೋರಿಸುವುದು ಲಂಡನ್ನಿನ ಗುರುತಾದ ಚಿರತೆಯ ತಲೆ: 1821ರಲ್ಲಿ ಅದರ ಕಿರೀಟ ಹೋಯಿತು. ಇದರ ಚಿರತೆಗೆ ಕಿರೀಟವಿದೆ, ಸ್ಟರ್ಲಿಂಗ್ ಗುರುತಾದ ಸಿಂಹವೂ ಆ ವರ್ಷಕ್ಕೆ ಮುಂಚಿನಂತೆ ಮುಖ ನಮ್ಮತ್ತ ತಿರುಗಿಸಿದೆ. ಹಾಗಾಗಿ 1789. ಪಕ್ಕದಲ್ಲಿ ಸುಂಕದ ಗುರುತಾದ ರಾಜನ ತಲೆ. ಅದು 1784ರಿಂದ 1890ರವರೆಗೆ ಮಾತ್ರ ಇದ್ದದ್ದು.

ಇದೇ ಹುಡುಕಾಟದಲ್ಲಿ ಮದ್ರಾಸಿನ ಪಿ. ಓರ್ ಮತ್ತು ಬೆಂಗಳೂರು ಕಂಟೋನ್ಮೆಂಟಿನ ಬಾರ್ಟನ್ ಎಂಬ ಹಳೆಯ ಅಂಗಡಿಗಳ ಹೆಸರಿನ ಸಾಮಾನೂ ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಸಿಂಹ, ಚಿರತೆ ಹುಡುಕಿ ನಿರಾಶರಾಗಬೇಡಿ. ಇಲ್ಲಿ ಇಂಗ್ಲೆಂಡಿನಂಥ ಕಡ್ಡಾಯ ಪರೀಕ್ಷೆ ಇರಲಿಲ್ಲ, ಅಂಗಡಿಯ ಹೆಸರೇ ಮುದ್ರೆ. ಅವುಗಳಿಗೆ ಬೇರೆಯೇ ಸಂಗ್ರಹ ಬೇಕು, ಬೇಕೇ ಬೇಕು.

ಶುಚಿ ಮಾಡುವ ವಿಷಯಕ್ಕೆ ಬಂದರೆ, ಇವನ್ನು ದಯವಿಟ್ಟು ಪಾಲಿಶ್ ಚಕ್ರಕ್ಕೆ ಕೊಡಬೇಡಿ. ಒಂದೇ ಸುತ್ತಿನಲ್ಲಿ ಮುದ್ರೆಯ ಅಂಚು ಮೊಂಡಾಗುತ್ತದೆ, ಹೋದ ಲೋಹ ಮರಳುವುದಿಲ್ಲ. ಹುಣಸೆಹಣ್ಣು, ಉಪ್ಪು, ಟೂತ್‌ಪೇಸ್ಟ್ ಮೂರೂ ಬೇಡ. ಉಪ್ಪು ಕಪ್ಪು ಚುಕ್ಕೆ ಬೀಳಿಸಿ ಕುಳಿ ಮಾಡುತ್ತದೆ, ಪೇಸ್ಟ್ ಗೀರುತ್ತದೆ. ಜಿಡ್ಡಿಗೆ ಅಂಟುವಾಳದ ನೀರು ಸಾಕು. ಕಪ್ಪಿಗೆ ಮಳಿಗೆಯಲ್ಲಿ ಸಿಗುವ ನಯವಾದ ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ, ಹಳೆ ಮಲ್ ಪಂಚೆಯ ತುಂಡಿನಿಂದ ಉದ್ದಕ್ಕೆ ಒರೆಸಬೇಕು, ಸುತ್ತಿ ಸುತ್ತಿ ಅಲ್ಲ. ವಿಭೂತಿಯನ್ನೇ ಬಳಸುವುದಾದರೆ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ, ಒಂದು ಒರಟು ಕಾಳು ಸಾಕು ಗೀರು ಬೀಳಲು. ಅಲ್ಯೂಮಿನಿಯಂ ಹಾಳೆ, ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ, ಈ ವಿಧಾನ ಸಾದಾ ಚಮಚಕ್ಕೆ ಆದೀತು. ಆದರೆ ಕೆತ್ತನೆಯ ತಗ್ಗಿನ ಕಪ್ಪನ್ನೂ ಅದು ತೊಳೆದುಬಿಡುತ್ತದೆ, ಕೆತ್ತನೆ ಸಪ್ಪೆಯಾಗುತ್ತದೆ. ಟೊಳ್ಳು ಹಿಡಿಯ ಚಾಕುಗಳನ್ನಂತೂ ಬಿಸಿನೀರಲ್ಲಿ ಇಡಲೇಬಾರದು, ಒಳಗೆ ತುಂಬಿದ ರಾಳ ಕರಗಿ ಅಲಗು ಸಡಿಲವಾಗುತ್ತದೆ.

ಕಪ್ಪಾಗಿಸುವುದು ಗಂಧಕ. ಕೊಳಚೆ ಹರಿಯುವ ರಾಜಕಾಲುವೆ ಹತ್ತಿರದ ಮನೆಗಳಲ್ಲಿ ಗಾಳಿಯಲ್ಲೇ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಬೆಳ್ಳಿ ಬೇಗ ಕಂದುತ್ತದೆ. ಏಳೂ ಚಮಚ ಈಗ ಒಗೆದ ಬಿಳಿ ಹತ್ತಿಬಟ್ಟೆಯಲ್ಲಿ ಬಿಡಿಬಿಡಿಯಾಗಿ ಸುತ್ತಿ, ಜಿಪ್ ಪಾಲಿಥಿನ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಕೂತಿವೆ. ರಬ್ಬರ್ ಬ್ಯಾಂಡ್, ಉಣ್ಣೆಬಟ್ಟೆ, ಸುದ್ದಿಪತ್ರಿಕೆ ಹತ್ತಿರಕ್ಕೂ ಇಲ್ಲ. ದುರಸ್ತಿಗೆಂದು ವಿದೇಶಕ್ಕೆ ಕಳಿಸುವ ಯೋಚನೆ ಬೇಡ: 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಪುರಾವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ.

ಹನ್ನೆರಡನೆಯ ಅಭ್ಯರ್ಥಿ ಮೇಜಿನ ಮೇಲಿದೆ. 66.8 ಗ್ರಾಂ, ಸಾಂದ್ರತೆ ಸರಿ, ಬಟ್ಟಲಿನ ತುದಿ ಸವೆದಿಲ್ಲ. ಆದರೆ ಮುದ್ರೆಗಳು ಹಿಡಿಯ ಅಗಲ ತುದಿಯ ಕಡೆಗಿಲ್ಲ, ಬಟ್ಟಲಿಗೆ ಅಂಟಿಕೊಂಡಂತಿವೆ. ರಾಜನ ತಲೆಯೂ ಇಲ್ಲ. ಎರಡೂ ಸೇರಿ 1784ಕ್ಕಿಂತ ಹಿಂದಕ್ಕೆ ಬೊಟ್ಟು ಮಾಡುತ್ತವೆ. ಆ ಜಾಗದಲ್ಲಿ ಹಿಡಿ ಕಿರಿದು, ಮುದ್ರೆ ಒತ್ತಿದ ಮೇಲೆ ಮತ್ತೆ ಬಡಿದು ನೇರ ಮಾಡುತ್ತಿದ್ದರು, ಹಾಗಾಗಿ ಅಕ್ಷರ ಹಿಂಡಿಹೋಗಿದೆ. ಬೆರಳ ತುದಿಯಿಂದ ಟಾಲ್ಕಂ ಪುಡಿ ಒತ್ತಿ, ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಲ್ಮೈಗೆ ಸಮಾನಾಂತರವಾಗಿ ಹಿಡಿದು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಯುವುದು ಮುಂದಿನ ಕೆಲಸ. ಅಕ್ಷರ ಓದಲು ಬಂದರೆ ಸೆಟ್ಟಿನ ಆರಂಭದ ವರ್ಷವನ್ನೇ ಹಿಂದಕ್ಕೆ ಸರಿಸಲಾಗುವುದು. ಈ ಚಮಚ ಅಷ್ಟು ಚೆನ್ನಾಗಿದೆ.